ಹೇಸರಗತ್ತೆ ಏರು

ಮೊಂತೆಕೋರ್ವೊ
ಅಕ್ಟೋಬರ್ ೯, ಗುರುವಾರ

ಪ್ರೀತಿಯ ಜಿನೆವ್ರಾ,

ನೀನು ಆಗಸ್ಟ್‌ನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಪರವಾಗಿಲ್ಲ. ಈ ವರ್ಷ ದ್ರಾಕ್ಷಿ ಬೇಗ ಮಾಗಿತು. ಎಷ್ಟು ತೊಳೆದರೂ ಬೆರಳ ಸಂದಿಯ ಕಪ್ಪು ಹೋಗುವುದಿಲ್ಲ, ಆ ಕೈಯಲ್ಲಿ ಕಾಗದ ಮುಟ್ಟಲು ಮನಸ್ಸಾಗಲಿಲ್ಲ. ಇದು ಅರ್ಧ ನಿಜ. ಬರೆಯುವಂಥದ್ದು ಏನಾದರೂ ನಡೆಯಲಿ ಎಂದು ಕಾಯುತ್ತಿದ್ದೆ ಎನ್ನುವುದು ಇನ್ನರ್ಧ. ಭಾನುವಾರ ನಡೆಯಿತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಊರಿನ ಮಾತು ತೆಗೆದ ಕೂಡಲೇ ನಿನ್ನನ್ನು ಆಸ್ಪತ್ರೆಯಲ್ಲಿ ಯಾರೋ ಕರೆಯುತ್ತಾರೆ. ಕಾಗದವಾದರೆ ಆ ತೊಂದರೆಯಿಲ್ಲ. ಸಾಕೆನಿಸಿದರೆ ಮಡಚಿಡು, ಊಟ ಮಾಡಿ ಬಂದು ಮತ್ತೆ ಓದು.

ಅಜ್ಜಿ ಗಟ್ಟಿಯಾಗಿದ್ದಾರೆ. ಮೊಣಕಾಲು ನೋವು ಅನ್ನುತ್ತಾರೆ, ಆದರೆ ಪಕ್ಕದ ಮನೆಯ ಕೋಳಿಗಳನ್ನು ಅಟ್ಟುವಾಗ ಆ ನೋವು ಎಲ್ಲಿಗೆ ಹೋಗುತ್ತದೋ ನನಗೆ ಗೊತ್ತಿಲ್ಲ. "ತೊರಿನೊದಲ್ಲಿ ಆ ಹುಡುಗಿಗೆ ಯಾವ ಎಣ್ಣೆ ತಿನ್ನಿಸ್ತಾರೋ, ಮೋಟಾರಿಗೆ ಹಾಕೋದೇ ಇರಬೇಕು" ಎಂದು ದಿನಾ ಹೇಳುತ್ತಾರೆ. ಆಲಿವ್ ಈ ಸಲ ಚೆನ್ನಾಗಿ ಕಟ್ಟಿದೆ. ಕಾಯಿ ಉದುರಿಸಲು ಮರದಡಿ ಬಲೆ ಹಾಸಲು ಇನ್ನೂ ಮೂರು ವಾರವಿದೆ. ಹೊಸ ಎಣ್ಣೆ ಬಂದ ಕೂಡಲೇ ನಿನಗೆ ಒಂದು ಡಬ್ಬಿ ಕಳಿಸುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗಾಣದ ಮನೆಯ ಗೋಡೆಗೆ ನೇತುಹಾಕಿದ್ದ ನಿನ್ನ ಸೈಕಲ್ಲನ್ನು ಕೆಳಗಿಳಿಸಿದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಆಮೇಲೂ ನಾನು ಇಳಿಸುತ್ತಿದ್ದೆ, ಆಗ ಅದು ಜಗಳವಾಗುತ್ತಿತ್ತು. ಸೀಟು ಎರಡು ಬೆರಳಿನಷ್ಟು ಕೆಳಗೆ ಮಾಡಿಸಿದ್ದೇನೆ. ಬೇರೆ ಏನನ್ನೂ ಮುಟ್ಟಿಲ್ಲ.

ಯಾಕೆಂದು ಹೇಳುತ್ತೇನೆ.

ಸೆಪ್ಟೆಂಬರ್‌ನಲ್ಲಿ ಅತ್ತಿಲಿಯೊ ಸೈಕಲ್ ಸಂಘದವರನ್ನೆಲ್ಲ ತಮ್ಮ ಮಾಂಸದಂಗಡಿಯ ಮೇಲಿನ ಕೋಣೆಗೆ ಕರೆದರು. ನಿನ್ನಪ್ಪ ಹೋದ ದುಃಖದಲ್ಲಿ ಹೋದ ವರ್ಷದ ಅಕ್ಟೋಬರ್ ಸವಾರಿ ನಿಲ್ಲಿಸಿದ್ದರಲ್ಲ, ಈ ವರ್ಷ ಮಾಡೋಣ ಎಂದರು. ನನಗೆ ಸಂತೋಷವೇ ಆಯಿತು. ಆಮೇಲೆ ಮೇಜಿನ ಮೇಲೆ ನಕ್ಷೆ ಹಾಸಿದರು. ದ್ರಾಕ್ಷಿ ದಿಣ್ಣೆಗಳನ್ನು ಸುತ್ತಿ ಬರುವ ದಾರಿ ಅದೇ, ಆಲಿವ್ ತೋಪುಗಳ ನಡುವಿನ ಬಿಳಿ ಸುಣ್ಣಕಲ್ಲಿನ ದಾರಿಯೂ ಅದೇ. ಆದರೆ ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಬಲಕ್ಕೆ ತಿರುಗಿ ಹೇಸರಗತ್ತೆ ಏರು ಹತ್ತುವ ಬದಲು ಅವರ ಕೆಂಪು ಗೆರೆ ನೇರ ಹೋಗಿತ್ತು. ನದಿಯ ಪಕ್ಕದ ಡಾಂಬರು ರಸ್ತೆ. ಲಾರಿಗಳ ದಾರಿ.

"ಗೆರೆ ತಪ್ಪಾಗಿದೆ" ಎಂದೆ.

"ತಪ್ಪಲ್ಲ, ಲೊರೆದಾನಾ. ನಿನಗೋಸ್ಕರಾನೇ ಮಾಡಿದ್ದು" ಎಂದರು ಅತ್ತಿಲಿಯೊ. "ಎಲ್ಲರ ಹಿಂದೆ ಪೊರಕೆ ಗಾಡಿ ಓಡಿಸ್ಕೊಂಡು ನೀನು ವಾಸ್ಕೊ ಜೀವ ಬಿಟ್ಟ ಆ ತಿರುವು ದಾಟಬೇಕಲ್ಲ ತಾಯಿ. ನಮಗೂ ಮನಸ್ಸು ಅನ್ನೋದಿದೆ."

"ನನ್ನನ್ನ ಯಾರು ಕೇಳಿದ್ರು?"

"ಇಂಥದ್ದನ್ನ ಕೇಳ್ತಾರೇನು? ಅರ್ಥ ಮಾಡ್ಕೋತಾರೆ."

ಪಕ್ಕದಲ್ಲಿದ್ದ ಉಗೊ, ನಿನ್ನ ಚೈನು ಬಿಗಿಮಾಡಿ ಕೊಡುತ್ತಿದ್ದ ಅದೇ ಉಗೊ, ಒಂದು ಚಿತ್ರ ತೆಗೆದು ಮುಂದಿಟ್ಟ. ತಿರುವಿನಲ್ಲಿ ನಿಲ್ಲಿಸಲು ಅಮೃತಶಿಲೆಯ ಕಲ್ಲು. ಮೇಲೆ ಒಂದು ಪುಟ್ಟ ಚಕ್ರ, ಕೆಳಗೆ 'ವಾಸ್ಕೊ, ನಮ್ಮ ಗೆಳೆಯ'. ಕಲ್ಲು ಆಗಲೇ ಬಂದಿತ್ತು, ಹೆಸರು ಕೆತ್ತುವುದೊಂದೇ ಬಾಕಿ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಳಬೇಕಿತ್ತು ಅನಿಸುತ್ತದೆ. ಅತ್ತಿದ್ದರೆ ಎಲ್ಲವೂ ಸುಲಭವಾಗಿ ಮುಗಿಯುತ್ತಿತ್ತು.

"ಅವನು ಹೋಗಿದ್ದು ಹೃದಯ ನಿಂತು" ಎಂದೆ. "ಅದು ನಮ್ಮ ಅಡುಗೆಮನೆಯಲ್ಲೇ ನಿಂತಿದ್ರೆ ಏನು ಮಾಡ್ತಿದ್ರಿ? ಅಡುಗೆಮನೆಗೆ ಬೀಗ ಹಾಕಿ, ಒಲೆ ಮೇಲೆ ಕಲ್ಲು ನಿಲ್ಲಿಸ್ತಿದ್ರಾ?"

"ಹಾಗಲ್ಲ..."

"ಹಾಗೇ. ಆ ಏರು ಬಿಟ್ಟು ಬೇರೆ ಯಾವ ಏರನ್ನೂ ಅವನು ಏರು ಅಂತ ಕರೀತಿರ್ಲಿಲ್ಲ. ಅವನ ಹೆಸರು ಹೇಳ್ಕೊಂಡು ಅದನ್ನೇ ಮುಚ್ತೀರಾ?"

ಅತ್ತಿಲಿಯೊ ನಕ್ಷೆ ಮಡಚಿದರು. "ಎಲ್ಲರೂ ಒಪ್ಪಿಯಾಗಿದೆ, ಲೊರೆದಾನಾ. ಹೋಗಿ ವಿಶ್ರಾಂತಿ ತಗೋ."

ಆ ವಿಶ್ರಾಂತಿ ಅನ್ನುವ ಮಾತು ನನ್ನನ್ನು ಕೆಣಕಿತು. ಒಂದೂವರೆ ವರ್ಷದಿಂದ ಈ ಊರು ನನಗೆ ವಿಶ್ರಾಂತಿ ಕೊಡುತ್ತಲೇ ಇದೆ. ರೊಟ್ಟಿ ಅಂಗಡಿಗೆ ಹೋದರೆ ಸಾಲು ಬಿಟ್ಟುಕೊಡುತ್ತಾರೆ. ನಾನು ಒಳಗೆ ಬಂದರೆ ನಗು ನಿಲ್ಲಿಸುತ್ತಾರೆ.

ಆದರೂ ಮನೆಗೆ ನಡೆದು ಬರುವಾಗ ನನ್ನ ಮೇಲೇ ಅನುಮಾನ ಬಂತು. ಇದು ಹಟವೇ? ನನಗೆ ಸೈಕಲ್ಲಿನ ಹುಚ್ಚು ಎಂದೂ ಇರಲಿಲ್ಲ, ನಿನಗೇ ಗೊತ್ತು. ನೀವೆಲ್ಲ ಮುಂದೆ ಹಾರಿಹೋಗುತ್ತಿದ್ದಾಗ ನಾನು ಕೊನೆಯವನ ಹಿಂದೆ ಆ ಮೂರು ಚಕ್ರದ ಪೊರಕೆ ಗಾಡಿಯಲ್ಲಿ ತೆವಳುತ್ತಿದ್ದೆ, ಚೈನು ಹರಿದವರನ್ನೂ ಕಾಲು ಹಿಡಿದುಕೊಂಡವರನ್ನೂ ಗುಡಿಸಿಕೊಂಡು. ಅವರಿಗೂ ಆ ತಿರುವು ನೋಡಲು ಕಷ್ಟವಿರಬಹುದು. ನನ್ನ ಗಂಡ ನನಗೆ ಮಾತ್ರ ಸತ್ತನೇ? ಹೀಗೆಲ್ಲ ಯೋಚಿಸುತ್ತ ಮನೆ ಮುಟ್ಟಿದೆ. ಅಜ್ಜಿ ಬೀನ್ಸ್ ಬಿಡಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ನನ್ನ ಮಗನನ್ನ ಹೆತ್ತಿದ್ದು ನಾನು, ಅತ್ತಿಲಿಯೊ ಅಲ್ಲ" ಎಂದರು. "ನೀನು ಹತ್ತೋದಾದ್ರೆ ಹತ್ತು. ಪೊರಕೆ ಗಾಡಿ ನಾನು ಓಡಿಸ್ತೀನಿ."

"ನೀವಾ ಅತ್ತೆ?"

"ಯಾಕೆ? ಲೈಸೆನ್ಸ್ ಇದೆ. ಕಣ್ಣೂ ಇದೆ, ಒಂದು."

ಹಾಗೆ ಶುರುವಾಯಿತು. ಮರುದಿನವೇ ನಿನ್ನ ಸೈಕಲ್ ಇಳಿಸಿದೆ. ಬೆಳಗ್ಗೆ ದ್ರಾಕ್ಷಿ ಕೊಯ್ಲಿಗೆ ಹೋಗುವ ಮುಂಚೆ ನದಿಯ ರಸ್ತೆಯಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ಬಿದ್ದೆ, ಹಂದಿಗೆ ಕಟ್ಟಿದ ಬೇಲಿಯ ಮೇಲೆ. ಇನ್ನೊಂದು ದಿನ ಗೇರು ಬದಲಿಸಲು ಹೋಗಿ ಚೈನು ಉದುರಿಸಿದೆ. ಹೇಸರಗತ್ತೆ ಏರಿಗೆ ಮಾತ್ರ ಹೋಗಲಿಲ್ಲ. ಅದನ್ನು ಸವಾರಿಯ ದಿನಕ್ಕೇ ಇಟ್ಟುಕೊಂಡಿದ್ದೆ. ಮೊದಲೇ ಹೋಗಿ ಸೋತುಬಿಟ್ಟರೆ ಎಂಬ ಹೆದರಿಕೆಯೂ ಇತ್ತು.

ಶನಿವಾರ ಅತ್ತಿಲಿಯೊ ದಾರಿ ತೋರಿಸುವ ಬಾಣಗಳನ್ನು ನೆಡಿಸಿದರು. ಆ ಕೆಂಪು ಮರದ ಬಾಣಗಳು ನೆನಪಿವೆಯಲ್ಲ, ಅಪ್ಪನೂ ನೀನೂ ಅಂಗಳದಲ್ಲಿ ಕೂತು ಬಣ್ಣ ಬಳಿದದ್ದು? ಏರಿನ ಬಾಣಗಳನ್ನು ಮಾತ್ರ ಉಗೊ ತನ್ನ ಸೈಕಲ್ ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಒಟ್ಟಿದ್ದ. ನಾನೂ ಅಜ್ಜಿಯೂ ಗಾಡಿ ತೆಗೆದುಕೊಂಡು ಹೋದೆವು, ಸಂತೆಯ ಹೊತ್ತಿಗೇ, ಚೌಕದ ತುಂಬ ಜನ ಇರುವಾಗ.

ಉಗೊ ನನ್ನನ್ನು ನೋಡಿದ, ಗಾಡಿ ನೋಡಿದ. "ನಾನು ಊಟಕ್ಕೆ ಹೋಗ್ತಿದ್ದೀನಿ" ಎಂದ. "ಕೊಟ್ಟಿಗೆ ಬಾಗಿಲು ತೆಗೆದೇ ಇರುತ್ತೆ. ನಾನಂತೂ ಏನೂ ನೋಡಿಲ್ಲಪ್ಪ."

"ನೋಡು ಉಗೊ. ಚೆನ್ನಾಗಿ ನೋಡು. ನೋಡ್ಲಿ ಅಂತಾನೇ ಹಗಲು ಹೊತ್ತು ಬಂದಿದ್ದೀನಿ."

"ಪುಣ್ಯಾತ್ಗಿತ್ತಿ, ಅತ್ತಿಲಿಯೊ ನನಗೆ ಮಾಂಸ ಕೊಡೋದು ನಿಲ್ಲಿಸ್ತಾನೆ!"

"ಸೊಪ್ಪು ತಿನ್ನು" ಎಂದರು ಅಜ್ಜಿ ಗಾಡಿಯೊಳಗಿನಿಂದ. "ಹೊಟ್ಟೆ ಕರಗುತ್ತೆ."

ತೊಟ್ಟಿಯ ಹತ್ತಿರ ಅತ್ತಿಲಿಯೊ ನೆಟ್ಟ ಬಾಣ ನೇರಕ್ಕೆ ತೋರಿಸುತ್ತಿತ್ತು. ಅದನ್ನು ಕೀಳಲಿಲ್ಲ. ಪಕ್ಕದಲ್ಲೇ ನಮ್ಮದನ್ನು ಬಲಕ್ಕೆ ನೆಟ್ಟೆ. ಯಾರಿಗೆ ಯಾವುದು ಬೇಕೋ ಅದನ್ನು ಹಿಡಿಯಲಿ. ಆಮೇಲೆ ಏರಿನ ಉದ್ದಕ್ಕೂ, ಆ ದೊಡ್ಡ ತಿರುವಿನವರೆಗೆ, ತಿರುವು ದಾಟಿ ಮೇಲೆ ಸಂತ ಎಲಿಜಿಯೊನ ಪುಟ್ಟ ಗುಡಿಯವರೆಗೆ ನೆಟ್ಟುಕೊಂಡು ಹೋದೆ. ತಿರುವಿನಲ್ಲಿ ಅಜ್ಜಿ ಗಾಡಿಯಿಂದ ಇಳಿದರು. ನಿನ್ನಪ್ಪ ಕೊನೆಗೆ ಒರಗಿಕೊಂಡಿದ್ದ ಆಲಿವ್ ಮರವನ್ನು ಒಮ್ಮೆ ಮುಟ್ಟಿದರು. "ಈ ಮರಕ್ಕೆ ಸರಿಯಾಗಿ ಕತ್ತರಿ ಹಾಕಿಲ್ಲ ಬಡ್ಡಿಮಕ್ಕಳು" ಎಂದು ಬೈದು ಮತ್ತೆ ಹತ್ತಿ ಕೂತರು.

ಭಾನುವಾರ ಬೆಳಗ್ಗೆ ಚೌಕದಲ್ಲಿ ನಾನು ಸವಾರಿಯ ಬಟ್ಟೆಯಲ್ಲಿ ನಿಂತದ್ದನ್ನು ನೀನು ನೋಡಬೇಕಿತ್ತು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅತ್ತಿಲಿಯೊ ಹತ್ತಿರ ಬಂದು ಮೆಲ್ಲಗೆ, "ನಾನು ನೇರ ಹೋಗ್ತೀನಿ ಲೊರೆದಾನಾ. ಬುದ್ಧಿ ಇರೋರು ನನ್ನ ಹಿಂದೆ ಬರ್ತಾರೆ" ಎಂದರು.

"ಬುದ್ಧಿ ಇರೋರು ಸೈಕಲ್ ಯಾಕೆ ಹತ್ತುತ್ತಾರೆ?" ಎಂದೆ. ಇದು ನಿನ್ನಪ್ಪನ ಮಾತು. ಅವರಿಗೂ ಅದು ಗೊತ್ತಿತ್ತು. ಮುಖ ತಿರುಗಿಸಿದರು.

ದ್ರಾಕ್ಷಿ ದಿಣ್ಣೆಗಳಲ್ಲಿ ಪರವಾಗಿರಲಿಲ್ಲ. ಕೊಯ್ಲು ಮುಗಿದ ಬಳ್ಳಿಗಳ ಎಲೆ ಕೆಂಪಾಗಿದೆ, ಮನೆಮನೆಯ ಬಾಗಿಲಿನಿಂದ ಹುದುಗುತ್ತಿರುವ ರಸದ ವಾಸನೆ ಬರುತ್ತಿತ್ತು. ಬಿಳಿ ದಾರಿ ಬಂದ ಮೇಲೆ ಹ್ಯಾಂಡಲ್ ಕುಣಿಯತೊಡಗಿತು. ಬೇಸಿಗೆಯ ಟ್ರ್ಯಾಕ್ಟರುಗಳು ಅದನ್ನು ಬಟ್ಟೆ ಒಗೆಯುವ ಕಲ್ಲಿನ ಹಾಗೆ ಗೀರು ಗೀರಾಗಿ ಮಾಡಿಟ್ಟಿವೆ. ಎಲ್ಲರೂ ನನ್ನನ್ನು ದಾಟಿ ಹೋದರು, ದಾಟುವಾಗ ಒಬ್ಬೊಬ್ಬರೂ ಟೋಪಿ ಮುಟ್ಟಿಕೊಂಡರು, ಶವಯಾತ್ರೆಯ ಹಾಗೆ. ತೊಟ್ಟಿಯ ಹತ್ತಿರ ಬಂದಾಗ ನೆಲ ನೋಡಿದೆ. ಚಕ್ರದ ಗುರುತುಗಳೆಲ್ಲ ಬಲಕ್ಕೆ ತಿರುಗಿದ್ದವು, ಜಿನೆವ್ರಾ. ಒಂದು ಬಿಡದೆ ಎಲ್ಲವೂ.

ಏರು ನೀನು ಹೇಳುತ್ತಿದ್ದುದಕ್ಕಿಂತ ಕೆಟ್ಟದಾಗಿದೆ. ಗಾಡಿಯೊಳಗೆ ಕೂತು ನೋಡಿದಾಗ ಅದು ಕಾಣುವುದೇ ಇಲ್ಲ. ಚಕ್ರ ಕಲ್ಲಿನ ಮೇಲೆ ಜಾರುತ್ತದೆ, ಎದ್ದು ನಿಂತು ತುಳಿದರೆ ಇನ್ನೂ ಜಾರುತ್ತದೆ. ನಾಲಿಗೆಯ ಮೇಲೆ ಸುಣ್ಣದ ರುಚಿ. ದೊಡ್ಡ ತಿರುವಿನಲ್ಲಿ ಕಾಲೂರಿದೆ. ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಉಸಿರು ತೆಗೆದುಕೊಂಡೆ, ಆಮೇಲೆ ತಲೆಯೆತ್ತಿ ಮೇಲೆ ನೋಡಿದೆ.

ನಮ್ಮ ಊರಿನ ಪದ್ಧತಿ ಇರುವುದು ಒಂದೇ. ಎಣ್ಣೆಯ ಜಾಡಿಗಳನ್ನು ಹೇಸರಗತ್ತೆಗಳ ಮೇಲೆ ಸಾಗಿಸುತ್ತಿದ್ದ ಕಾಲದ್ದು ಎಂದು ಅಜ್ಜಿ ಹೇಳುತ್ತಾರೆ. ಮೊದಲು ಮೇಲೆ ಮುಟ್ಟಿದವನು ಹೊರೆ ಇಳಿಸಿ ತನ್ನ ಪ್ರಾಣಿಯನ್ನು ಮತ್ತೆ ಕೆಳಗೆ ತರಬೇಕು, ಕೊನೆಯವನ ಹೊರೆಯಲ್ಲಿ ಅರ್ಧ ಹೊರಬೇಕು. ಸೈಕಲ್ಲಿನವರೂ ಅದನ್ನೇ ಇಟ್ಟುಕೊಂಡರು. ಗುಡಿಯ ನಲ್ಲಿಯಲ್ಲಿ ನೀರು ಕುಡಿ, ತಿರುಗು, ಕೊನೆಯವನ ಹತ್ತಿರಕ್ಕೆ ಇಳಿ, ಅವನ ಜೊತೆ ಮತ್ತೆ ಹತ್ತು. ಎಷ್ಟು ಅಕ್ಟೋಬರ್‌ಗಳಲ್ಲಿ ಗಾಡಿಯ ಗಾಜಿನೊಳಗಿಂದ ಇದನ್ನು ನೋಡಿದ್ದೇನೆ!

ಯಾರೂ ಬರಲಿಲ್ಲ. ಮೇಲೆ ಗುಡಿಯ ಕಟ್ಟೆಯ ಮೇಲೆ ಬಣ್ಣಬಣ್ಣದ ಅಂಗಿಗಳು ಸಾಲಾಗಿ ಕಾಣುತ್ತಿದ್ದವು, ಅಲುಗಾಡದೆ. ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದರು. ಗಂಡ ಸತ್ತ ಜಾಗದಲ್ಲಿ ಹೆಂಗಸು ಒಬ್ಬಳೇ ನಿಂತಿರಲಿ, ನಡುವೆ ಹೋಗಬಾರದು ಎಂದು. ಅದೂ ಮರ್ಯಾದೆಯೇ ಇರಬೇಕು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಸಿಟ್ಟಿನಲ್ಲೇ ಉಳಿದ ಏರು ಹತ್ತಿಬಿಟ್ಟೆ. ಸ್ವಲ್ಪ ದೂರ ತಳ್ಳಿಕೊಂಡು ಹೋದೆ, ಅದನ್ನು ಮುಚ್ಚಿಡುವುದಿಲ್ಲ.

ಮೇಲೆ ಯಾರೋ ವೈನಿನಲ್ಲಿ ನೆನೆಸಿ ಸಕ್ಕರೆ ಉದುರಿಸಿದ ರೊಟ್ಟಿ ಚೂರನ್ನು ಕೈಗಿಟ್ಟರು. ನಾನು ಅದನ್ನು ಹಿಡಿದುಕೊಂಡೇ ಕೂಗಿದೆ. "ಯಾರಿಗೂ ಕಾಲಿರಲಿಲ್ವಾ? ಕಟ್ಟೆ ಮೇಲೆ ಅಂಟು ಹಾಕಿತ್ತಾ?"

ಉಗೊ ನೆಲ ನೋಡುತ್ತ, "ನಿನಗೆ ಬೇಜಾರಾಗುತ್ತೆ ಅಂತ..." ಎಂದ.

"ನನಗೆ ಬೇಜಾರಾಗಿದೆ ಉಗೊ. ಒಂದೂವರೆ ವರ್ಷದಿಂದ ಬೇಜಾರಾಗಿದೆ. ಅದಕ್ಕೂ ನೀನು ಇಳಿದು ಬರೋದಕ್ಕೂ ಏನು ಸಂಬಂಧ? ಕೊನೆಯಲ್ಲಿ ಬರೋರಿಗೆ ಜೊತೆ ಬೇಕು. ಅಷ್ಟೇ."

ಆಗ ಕೆಳಗಿನಿಂದ ನಮ್ಮ ಗಾಡಿಯ ಪಟಪಟ ಸದ್ದು ಕೇಳಿತು, ಹಾರ್ನಿನ ಸದ್ದೂ. ಎಲ್ಲರೂ ಬಗ್ಗಿ ನೋಡಿದರು. ತಿರುವಿನ ಕೆಳಗೆ ಒಬ್ಬರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು, ಅವರ ಬೆನ್ನಿಗೇ ಅಜ್ಜಿಯ ಗಾಡಿ. ಅತ್ತಿಲಿಯೊ! ತಮ್ಮ ಬಾಣದ ಹತ್ತಿರ ನಿಂತೇ ಇದ್ದರಂತೆ. ಎಲ್ಲರೂ ಬಲಕ್ಕೆ ಹೋದ ಮೇಲೂ ನಿಂತಿದ್ದರಂತೆ, ತೊಟ್ಟಿಯ ಹಿಂದೆ, ನಾನು ದಾಟುವಾಗ ನನಗೆ ಕಾಣಿಸದ ಹಾಗೆ. ಅಜ್ಜಿ ಹಿಂದಿನಿಂದ ಹಾರ್ನ್ ಹೊಡೆದು, "ನೇರಕ್ಕೋ ಬಲಕ್ಕೋ ಬೇಗ ಹೇಳೋ ಅತ್ತಿಲಿಯೊ, ಗಾಡಿ ಬಿಸಿಯಾಗ್ತಿದೆ" ಎಂದರಂತೆ.

ಉಗೊ ಸೈಕಲ್ಲಿಗೆ ಕೈ ಹಾಕಿದ. "ನಾನು ಹೋಗ್ತೀನಿ" ಎಂದೆ. ರೊಟ್ಟಿಯನ್ನು ಅವನ ಕೈಗೆ ಕೊಟ್ಟೆ.

ಇಳಿಯುವುದು ಹತ್ತುವುದಕ್ಕಿಂತ ಭಯ. ಎರಡೂ ಬ್ರೇಕು ಹಿಡಿದುಕೊಂಡೇ ಜಾರಿದೆ. ತಿರುವಿನಲ್ಲಿ ಅವರ ಪಕ್ಕ ನಿಂತೆ. ಬೆವರು ಸುರಿಯುತ್ತಿತ್ತು. ಅಜ್ಜಿ ಗಾಡಿಯನ್ನು ಕೆಳಗೇ ನಿಲ್ಲಿಸಿಕೊಂಡರು.

"ನೀನ್ಯಾಕೆ ಬಂದೆ" ಎಂದರು ಅತ್ತಿಲಿಯೊ.

"ಕೊನೆಯವರು ನೀವು. ಬಂದೆ."

ಅವರು ಆಲಿವ್ ಮರದ ಕಡೆ ನೋಡಲಿಲ್ಲ. "ಆವತ್ತು ನಾವು ಮೇಲೆ ಕೂತು ನಗ್ತಾ ಇದ್ವಿ, ಲೊರೆದಾನಾ" ಎಂದರು. "ಅವನೇ ಕೆಳಗಿಂದ ಕೂಗಿದ. ಯಾರೂ ಬರಬೇಡಿ, ನಾನೇನು ಮುದುಕನಲ್ಲ, ಇಳಿದು ಬಂದ್ರೆ ಕಾಲು ಮುರೀತೀನಿ ಅಂತ."

"ಪ್ರತಿ ಭಾನುವಾರನೂ ಹಾಗೇ ಕೂಗ್ತಿದ್ದ."

"ಹೂಂ. ಪ್ರತಿ ಭಾನುವಾರನೂ ಇಳೀತಿದ್ವಿ. ಆವತ್ತು ಇಳೀಲಿಲ್ಲ. ಬಿಸಿಲು ಚೆನ್ನಾಗಿತ್ತು." ಟೋಪಿ ತೆಗೆದು ಮುಖ ಒರೆಸಿಕೊಂಡರು. "ಈ ದಾರಿ ಮುಚ್ಚಿದ್ದು ನಿನಗೋಸ್ಕರ ಅಲ್ಲ."

"ಗೊತ್ತಾಯ್ತು" ಎಂದೆ. ಆ ಕ್ಷಣದಲ್ಲಿ ನಿಜಕ್ಕೂ ಗೊತ್ತಾಯಿತು. "ಹ್ಯಾಂಡಲ್ ಹಿಡೀರಿ. ಮೇಲೆ ರೊಟ್ಟಿ ಖಾಲಿಯಾಗುತ್ತೆ."

ನಾವಿಬ್ಬರೂ ತಳ್ಳಿಕೊಂಡೇ ಹತ್ತಿದೆವು. ಅರ್ಧ ದಾರಿಗೆ ಬರುವಷ್ಟರಲ್ಲಿ ಮೇಲಿನಿಂದ ಉಗೊ ಇಳಿದು ಬಂದ, ಅವನ ಹಿಂದೆ ಇನ್ನೊಬ್ಬ, ಆಮೇಲೆ ಎಲ್ಲರೂ. ಧೂಳೋ ಧೂಳು. ಆ ಇಕ್ಕಟ್ಟಿನ ದಾರಿಯಲ್ಲಿ ಅಷ್ಟು ಜನ ತಿರುಗಲು ಹೋಗಿ ಇಬ್ಬರು ಬಿದ್ದರು, ಅಜ್ಜಿ ಗಾಡಿಯೊಳಗಿನಿಂದ ಎಲ್ಲರ ವಂಶವನ್ನೂ ಬೈದರು. ಆಗ ನಗು ಬಂತು. ನಾನು ಎದುರಿಗಿದ್ದರೂ ಈ ಊರಿನವರು ನಕ್ಕರು.

ಬಾಣಗಳನ್ನು ಉಗೊ ಸೋಮವಾರ ಕಿತ್ತು ತಂದ. ಏರಿನವು ಈಗ ಉಳಿದವುಗಳ ಜೊತೆಯಲ್ಲೇ ಇವೆ. ಕಲ್ಲನ್ನು ಏನು ಮಾಡುವುದೆಂದು ಅತ್ತಿಲಿಯೊ ಮನೆಗೇ ಬಂದು ಕೇಳಿದರು. "ಇಲ್ಲಿ ತಂದು ಹಾಕು, ಹಿಟ್ಟು ಲಟ್ಟಿಸೋಕೆ ತಣ್ಣಗಿರುತ್ತೆ" ಎಂದರು ಅಜ್ಜಿ. ಈಗ ಅದು ಅಡುಗೆಮನೆಯ ಮೇಜಿನ ಮೇಲಿದೆ. ಇದನ್ನು ಅದರ ಮೇಲೆಯೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಚಳಿ ಶುರುವಾಗುತ್ತದೆ, ಅಪ್ಪನ ಉಣ್ಣೆಯ ಅಂಗಿ ಹಾಕಿಕೋ. ರೋಗಿಗಳ ಕಾಲನ್ನು ಎತ್ತಿ ಎತ್ತಿ ನಿನ್ನ ಬೆನ್ನನ್ನು ಮರೆಯಬೇಡ. ನಿನ್ನ ದಿನಗಳು ಹಗುರವಾಗಲಿ ಮಗಳೇ. ಅಜ್ಜಿ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾರೆ, ಒಂದರಲ್ಲಿ ಹಿಟ್ಟಿದೆ.

ನಿನ್ನ
ಅಮ್ಮ
ಲೊರೆದಾನಾ

ತಾ.ಕ.: ನಿನ್ನೆ ಮಡಚಿದ ಕಾಗದವನ್ನು ಇವತ್ತು ಮತ್ತೆ ಬಿಚ್ಚಿದೆ. ತಿರುವಿನಲ್ಲಿ ನಿಂತು ಮೇಲೆ ನೋಡಿದೆ, ಯಾರೂ ಬರಲಿಲ್ಲ, ಸಿಟ್ಟು ಬಂತು ಎಂದು ಬರೆದಿದ್ದೇನೆ. ಉಗೊ ಬರಲಿಲ್ಲ ಎಂದು ಯಾರಿಗಾದರೂ ಅಷ್ಟು ಸಿಟ್ಟು ಬರುತ್ತದೆಯೇ? ನೀನು ತೊರಿನೊದಲ್ಲಿದ್ದೀಯ ಎಂದು ಚೆನ್ನಾಗಿ ಗೊತ್ತಿದ್ದೂ ನಾನು ಹುಡುಕಿದ್ದು ನಿನ್ನ ನೀಲಿ ಟೋಪಿಯನ್ನು.

ಅಪ್ಪ ಹೋದ ದಿನ ಮೊದಲು ಮೇಲೆ ಮುಟ್ಟಿದವಳು ನೀನು. ಇದನ್ನು ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಹೇಳಿಕೊಂಡಿಲ್ಲ. ಅಪ್ಪ ಬರಬೇಡ ಎಂದ. ಹುಟ್ಟಿದಂದಿನಿಂದ ಅವನ ಮಾತು ಕೇಳದವಳು ಅವತ್ತೊಂದು ದಿನ ಕೇಳಿದೆ. ನೀನು ಪಕ್ಕದಲ್ಲಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು, ನಾನು ಅದನ್ನು ನಂಬುತ್ತೇನೆ. ಮೊದಲ ಬೇಸಿಗೆಯಲ್ಲಿ ನಿನ್ನ ಮೇಲೆ ಸಿಟ್ಟಿತ್ತು, ಇರಲಿಲ್ಲ ಎಂದರೆ ನೀನೇ ನಂಬುವುದಿಲ್ಲ. ಆ ಸಿಟ್ಟು ಹೋಗಿ ಬಹಳ ಕಾಲವಾಯಿತು. ಈಗ ಇರುವುದು ಬೇರೆ. ಅಪ್ಪನ ಮಣ್ಣು ಮುಗಿಸಿ ಹೋದವಳು ನೀನು ಮತ್ತೆ ಈ ಊರಿಗೆ ಕಾಲಿಟ್ಟಿಲ್ಲ. ಅವನಿಗಾಗಿ ಇಳಿದು ಬರಲಿಲ್ಲ ಎಂದು ನಿನ್ನನ್ನು ನೀನು ಶಿಕ್ಷಿಸಿಕೊಳ್ಳುತ್ತಾ, ನನಗಾಗಿಯೂ ಇಳಿದು ಬರಲಿಲ್ಲ. ಅವನು ಹೋದ. ನಾನು ಇನ್ನೂ ತುಳಿಯುತ್ತಿದ್ದೇನೆ, ಜಿನೆವ್ರಾ.

ಇವತ್ತು ಬೆಳಗ್ಗೆ ನಿನ್ನ ಸೀಟನ್ನು ಮತ್ತೆ ಎರಡು ಬೆರಳು ಏರಿಸಿದೆ. ನನಗೆ ಬೇರೆ ಸೈಕಲ್ ಉಗೊ ಕೊಡುತ್ತಾನೆ. ಆಲಿವ್ ಬಲೆ ಹಾಸುವ ಮುಂಚಿನ ಭಾನುವಾರ ನಾನು ಹೇಸರಗತ್ತೆ ಏರು ಹತ್ತುತ್ತೇನೆ. ನಾನು ನಿಧಾನ, ಮೊದಲು ಮೇಲೆ ಮುಟ್ಟುವವಳು ನೀನೇ. ಮುಟ್ಟಿದ ಮೇಲೆ ಏನು ಮಾಡಬೇಕೆಂದು ನಿನಗೆ ಗೊತ್ತಿದೆ. ನಾನು ನಿನ್ನಪ್ಪನ ಹಾಗಲ್ಲ. ಕೆಳಗಿನಿಂದ ಬಾ ಎಂದೇ ಕೂಗುತ್ತೇನೆ.